ಸೋಸುಬಟ್ಟೆಯ ಷರಾಯಿ

ಹಿಂದೆ, ಬಹಳ ಹಿಂದೇನಲ್ಲ, ಎರಡು ಹತ್ತಿಸುಗ್ಗಿಯ ಹಿಂದೆ, ಬೋಬೊ ಪಟ್ಟಣದ ಹೊರಕೇರಿಯಲ್ಲಿ ಒಬ್ಬ ಸಿಟ್ಟಿನ ಮನುಷ್ಯನಿದ್ದ. ಅವನ ಹತ್ತಿರ ಮೂರೇ ಮೂರು ವಸ್ತುಗಳಿದ್ದವು. ಒಂದು ಯಂತ್ರ, ಅದು ಅವನದಲ್ಲ. ಒಂದು ಮಾತು, ಅದನ್ನು ಅವನು ಆಗಲೇ ಕೊಟ್ಟುಬಿಟ್ಟಿದ್ದ. ಇನ್ನೊಂದು ಸಿಟ್ಟು, ಅದನ್ನು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

ಹೆಸರು ಬುರೈಮಾ ಟೋಯೆ. ಸಾಮೊ ಜನದವನು, ತೋಮಾ ಸೀಮೆಯ ಕೆಂಪುಬಾವಿ ಮನೆತನದವನು. ಕೆಂಪುಬಾವಿ ಮನೆತನದ ವಿಷಯ ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. "ನಮ್ಮಲ್ಲಿ ಅಣ್ಣನ ಎದುರು ತಮ್ಮ ದನಿಯೆತ್ತಲ್ಲ. ಅಣ್ಣನ ಬಟ್ಟೇನೂ ಕಣ್ಣಿಗೊತ್ಕೊಂಡೇ ಒಗೆಯೋದು. ನಿಮ್ಮ ಹಾಗಲ್ಲ" ಎಂದು ಇಡೀ ಕೇರಿಗೆ ಕೇಳುವಂತೆ ಹೇಳುತ್ತಿದ್ದ. ಅವನಿಗೆ ಅಣ್ಣ ಇರಲಿಲ್ಲವಾದ್ದರಿಂದ ಹೇಳುವುದು ಸುಲಭವಾಗಿತ್ತು.

ಯಂತ್ರವೆಂದರೆ ಹತ್ತಿಬೀಜ ಹಿಂಡುವ ತಿರುಪುಗಾಣ. ಅದರ ಜೊತೆಗೆ ಎಣ್ಣೆ ಕಾಯಿಸುವ ಒಂದು ಡ್ರಮ್ಮು, ಸೋಸುವುದಕ್ಕೆ ಒಂದು ಕಬ್ಬಿಣದ ಚೌಕಟ್ಟು. ರಾಜಧಾನಿಯ ಕಾರ್ಖಾನೆಯೊಂದು ಕೇರಿಯ ಮೂವತ್ತೊಂದು ಹೆಂಗಸರ ಸಂಘಕ್ಕೆ ಇದನ್ನು ನಲವತ್ತು ದಿನದ ಪರೀಕ್ಷೆಗೆಂದು ಕೊಟ್ಟಿತ್ತು. ಅದನ್ನು ನಡೆಸಲು ಸಂಘದವರು ಬುರೈಮಾನನ್ನು ಇಟ್ಟುಕೊಂಡಿದ್ದರು. ನಲವತ್ತನೆಯ ದಿನ ಹೊತ್ತು ಮುಳುಗುವುದರೊಳಗೆ ಒಂದು ಹಳದಿ ಕ್ಯಾನಿನ ತುಂಬ, ಎಂದರೆ ಇಪ್ಪತ್ತು ಲೀಟರು, ತಿಳಿ ಎಣ್ಣೆ ಬಂದರೆ ಯಂತ್ರ ಸಂಘದ್ದು. ಬಾರದಿದ್ದರೆ ಲಾರಿ ಹತ್ತಿ ಇನ್ನೊಂದು ಊರಿನ ಸಂಘಕ್ಕೆ.

ಹತ್ತಿಬೀಜದ ಎಣ್ಣೆ ಗಾಣದಿಂದ ಇಳಿಯುವಾಗ ಹುಣಸೆರಸದ ಹಾಗೆ ಕಪ್ಪಗಿರುತ್ತದೆ. ಕಾಯಿಸಿ, ಅಳತೆ ತಪ್ಪದೆ ಕಾಸ್ಟಿಕ್ ಸೋಡಾದ ನೀರು ಹಾಕಿ ತಿರುವಿದರೆ ಕೊಳೆಯೆಲ್ಲ ಮಡ್ಡಿಯಾಗಿ ತಳ ಸೇರಿ, ಮೇಲೆ ಹೊಂಬಣ್ಣ ನಿಲ್ಲುತ್ತದೆ. ಅದನ್ನು ದಪ್ಪ ಬಟ್ಟೆಯಲ್ಲಿ ಸೋಸಬೇಕು. ಈ ಅಳತೆ ಕೈಗೆ ಸಿಗಲು ಬುರೈಮಾನಿಗೆ ಮೂವತ್ತೆಂಟು ದಿನ ಹಿಡಿದಿತ್ತು. ಅದಕ್ಕೆ ಮೊದಲೇ, ಸಂಘದ ಸಭೆಯಲ್ಲಿ ಮಗುಚಿದ ಒರಳಿನ ಮೇಲೆ ನಿಂತು ಅವನು ಮಾತು ಕೊಟ್ಟಿದ್ದ.

"ನಲವತ್ತನೇ ದಿನ ಸೂರ್ಯ ಆ ಮಾವಿನಮರದ ಹಿಂದೆ ಹೋಗೋದ್ರೊಳಗೆ ಕ್ಯಾನು ತುಂಬ್ತೀನಿ. ಗ್ಲಾಸಲ್ಲಿ ಎಣ್ಣೆ ಹಿಡಿದು ನೋಡಿದ್ರೆ ಆಚೆಗಿರೋ ನಿಮ್ಮ ಬಳೆ ಕಾಣ್ಬೇಕು. ಇಲ್ದಿದ್ರೆ ನಾನು ಮತ್ತೆ ನೀರಿನ ಗಾಡಿ ತಳ್ಳೋಕೆ ಹೋಗ್ತೀನಿ."

ನೀರಿನ ಗಾಡಿಯನ್ನು ಅವನು ಹನ್ನೊಂದು ವರ್ಷ ತಳ್ಳಿದ್ದ. ಅದರ ಗುಳ್ಳೆಗಳು ಇನ್ನೂ ಅಂಗೈಯಲ್ಲಿದ್ದವು.

ನಲವತ್ತನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಸೋಸುಬಟ್ಟೆ ಇರಲಿಲ್ಲ.

ಹಿಂದಿನ ಸಂಜೆ ತಾನೇ ಒಗೆದು, ತನ್ನ ಅಂಗಳಕ್ಕೂ ಪಕ್ಕದ ಅಂಗಳಕ್ಕೂ ನಡುವಿನ ಮಣ್ಣುಗೋಡೆಯ ಮೇಲೆ ಹರವಿದ್ದ. ಇದ್ದದ್ದು ಅದೊಂದೇ. ಗೋಡೆಯಾಚೆ ಇದ್ದವನು ದರ್ಜಿ ನೊಬಿಲಾ ಸವಡೋಗೊ, ಮೊಸ್ಸಿ ಜನದವನು. ಅಲ್ಲೇ ಇದ್ದದ್ದು ಕಷ್ಟ.

ಸಾಮೊಗಳೂ ಮೊಸ್ಸಿಗಳೂ ಕೀಟಲೆನೆಂಟರು. ಅವರ ಮುತ್ತಜ್ಜಂದಿರು ಯಾವುದೋ ಕಾಲದಲ್ಲಿ ಒಂದು ನಾಯಿತಲೆಗಾಗಿ ಕಿತ್ತಾಡಿ, ಆಮೇಲೆ ನಕ್ಕು ರಾಜಿಯಾದರಂತೆ. ಅಂದಿನಿಂದ ಸಾಮೊ ಮೊಸ್ಸಿಯನ್ನು ಕತ್ತೆತಲೆ ಎನ್ನಬಹುದು, ಮೊಸ್ಸಿ ಸಾಮೊನನ್ನು ನಾಯಿ ತಿನ್ನುವವನು ಎನ್ನಬಹುದು. ತನ್ನ ಆಳು ಎನ್ನಬಹುದು, ಕಣ್ಣಿಗೆ ಬಿದ್ದ ಅವನ ವಸ್ತುವನ್ನು ಎತ್ತಿಕೊಂಡೂ ಹೋಗಬಹುದು. ಒಂದೇ ಒಂದು ಕೂಡದು. ಸಿಟ್ಟು ಮಾಡಿಕೊಳ್ಳಕೂಡದು. ಸಿಟ್ಟಾದವನ ಮನೆಯ ಅಂಬಲಿ ಏಳು ವರ್ಷ ಹುಳಿಯುತ್ತದೆ ಎಂದು ಅಜ್ಜಿಯರು ಹೇಳುತ್ತಾರೆ. ಬುರೈಮಾನಂಥವನಿಗೆ ಇಂಥ ನೆಂಟಸ್ತನವೆಂದರೆ ಸಕ್ಕರೆ ಕಾಯಿಲೆಯವನನ್ನು ಮಿಠಾಯಿ ಅಂಗಡಿಯ ಕಾವಲಿಗೆ ಕೂರಿಸಿದ ಹಾಗೆ. ಒಂಬತ್ತು ವರ್ಷದಿಂದ ಅವನು ಈ ಗೋಡೆಯ ಪಕ್ಕದಲ್ಲಿ ಹಲ್ಲು ಕಚ್ಚಿ ನಗುತ್ತಿದ್ದ.

ನೊಬಿಲಾನ ಬಾಗಿಲಲ್ಲಿ ಅವನ ತಾಯಿ ತೆನೆ ಅಜ್ಜಿ ಚಾಪೆ ಹಾಸಿ ಅಲಸಂದೆಯ ಕಲ್ಲು ಆರಿಸುತ್ತಿದ್ದಳು.

"ಅಜ್ಜೀ, ನಿನ್ನ ಕತ್ತೆತಲೆ ಮಗ ಎಲ್ಲಿ?"

"ನಾಮಕರಣದ ಮನೆಗೆ ಹೋದ ಕಣಪ್ಪ. ಹೊಸ ಷರಾಯಿ ಹಾಕ್ಕೊಂಡು. ರಾತ್ರಿಯೆಲ್ಲ ಕೂತು ಹೊಲಿದ. ಎಂಥ ಗಟ್ಟಿ ಬಟ್ಟೆ ಅಂತೀಯ, ತೊಟ್ಟೋನು ಸವೀಬೇಕು, ಅದು ಸವೆಯಲ್ಲ."

ಬುರೈಮಾ ಹೊಲಿಗೆಯಂತ್ರದ ಕೆಳಗೆ ನೋಡಿದ. ಬಿಳಿ ಚೂರುಗಳು ಬಿದ್ದಿದ್ದವು. ಒಂದು ಚೂರಿನ ಮೂಲೆಯಲ್ಲಿ ಚೌಕಟ್ಟಿನ ಬೋಲ್ಟು ಕೂರುವ ತೂತು ಇತ್ತು. ಅವನ ಕಿವಿಯೊಳಗೆ ಡ್ರಮ್ಮು ಕುದಿಯುವ ಸದ್ದಾಯಿತು.

"ಅದು ನನ್ನ ಸೋಸುಬಟ್ಟೆ ಅಜ್ಜೀ."

ತೆನೆ ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ಮೈ ಕುಲುಕುವಂತೆ ನಕ್ಕಳು. ಮಗನೂ ಬುರೈಮಾನೂ ಎದುರಾದಾಗಲೆಲ್ಲ ಅವಳು ಹೀಗೇ ನಗುತ್ತಿದ್ದಳು.

"ನಿನಗೇನಜ್ಜಿ ಅಷ್ಟು ನಗು?"

"ಮುದುಕಿ ನಗು, ಬಿಡು. ಹೋಗು, ಹೊತ್ತಾಗುತ್ತೆ."

ಅವನ ಅಂಗಳದಲ್ಲಿದ್ದ ಗಾಣದ ಷೆಡ್ಡಿನ ಮುಂದೆ, ಡ್ರಮ್ಮಿನಲ್ಲಿ ನಲವತ್ತು ಲೀಟರು ಕಪ್ಪೆಣ್ಣೆ ಆಗಲೇ ಬೆಚ್ಚಗಾಗಿತ್ತು. ಸೋಡಾದ ನೀರು ಒಂದು ಬಟ್ಟಲು, ಅಳೆದು ಹಾಕಿಯೂ ಆಗಿತ್ತು. ಇನ್ನೇನಿದ್ದರೂ ತಳಕ್ಕೆ ಇಳಿಯಲು ಬಿಡಬೇಕು. ಸಂಘದ ಯಜಮಾನಿ ಕೊರೊತಿಮಿ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಕಾರ್ಖಾನೆಯಿಂದ ಪರೀಕ್ಷೆಗೆ ಬಂದಿದ್ದ ಎವಾರಿಸ್ತ್ ಎಂಬ ಮೇಸ್ತ್ರಿ ಕುರ್ಚಿಯಲ್ಲಿ ಕೂತು ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡಿದ್ದ.

"ಅಮ್ಮಾ, ನಾನು ಹೋಗಿ ಬರೋವರೆಗೂ ಇದನ್ನ ಯಾರೂ ಮುಟ್ಬಾರ್ದು. ಸಣ್ಣ ಬೆಂಕಿ ಸಾಕು."

"ನಾನ್ಯಾಕಪ್ಪ ಮುಟ್ಲಿ?" ಎಂದಳು ಕೊರೊತಿಮಿ.

"ಸೋಸುವ ಬಟ್ಟೆ ಇಲ್ಲ. ಬರ್ಕೊಂಡೆ" ಎಂದ ಎವಾರಿಸ್ತ್.

ಬುರೈಮಾ ಸೈಕಲ್ಲು ತುಳಿದ. ಅವನು ಹೋದ ವೇಗಕ್ಕೆ ದಾರಿಯ ಕೋಳಿಗಳು ತಮ್ಮ ತಮ್ಮ ಮನೆ ಮರೆತವು.

ನಾಮಕರಣದ ಮನೆ ತುಂಬ ಮೊಸ್ಸಿಗಳು. ಸಾಮೊ ಒಬ್ಬ ತಾನಾಗಿ ಒಳಗೆ ಬಂದದ್ದು ಕಂಡು ಅವರಿಗೆ ಹಬ್ಬದೊಳಗೆ ಇನ್ನೊಂದು ಹಬ್ಬವಾಯಿತು.

"ಸಾಮೊ ಬಂದ, ನಾಯಿಗಳನ್ನ ಒಳಗೆ ಕಟ್ರಪ್ಪೋ" ಎಂದ ಒಬ್ಬ.

"ನಮ್ಮ ಆಳು ಇಷ್ಟು ತಡವಾಗಿ ಬರೋದಾ? ತಗೋ, ಎಲ್ರಿಗೂ ಹಂಚು" ಎಂದು ಇನ್ನೊಬ್ಬ ಸಜ್ಜೆಪಾನಕದ ಸೋರೆಬುರುಡೆಯನ್ನು ಕೈಗಿಟ್ಟ.

ಹಂಚದೆ ವಿಧಿಯಿಲ್ಲ. ಅರವತ್ತು ಜನಕ್ಕೆ ಹಂಚಿದ. ಒಬ್ಬೊಬ್ಬರೂ ಕುಡಿಯುವ ಮೊದಲು ಮೂಸಿ ನೋಡಿ, "ಇದರಲ್ಲಿ ಬಾಲ ಏನೂ ಬಿದ್ದಿಲ್ವಲ್ಲ?" ಎಂದು ಕೇಳಿದರು. ಬುರೈಮಾ ಅರವತ್ತು ಸಲ ನಕ್ಕ. ಅವನ ಹಲ್ಲುಗಳ ನಡುವೆ ಹತ್ತಿಬೀಜ ಇಟ್ಟಿದ್ದರೆ ಒಂದು ಲೋಟ ಎಣ್ಣೆ ಇಳಿಯುತ್ತಿತ್ತು.

ಹಿರಿಯನೊಬ್ಬ ಅವನ ಮುಖ ದಿಟ್ಟಿಸಿದ. "ಯಾಕೋ ಸಾಮೊ, ಮುಖ ಊದಿದೆ. ಸಿಟ್ಟೇನೋ?"

"ಛೆ, ಇಲ್ಲ ದೊಡ್ಡಪ್ಪಾ. ಬಿಸಿಲು."

ಅರವತ್ತೊಂದನೆಯವನಾಗಿ, ಚಾಪೆಯ ತುದಿಯಲ್ಲಿ, ಕೊಕ್ಕರೆಯಂತೆ ಬೆಳ್ಳಗೆ ಕಾಲು ಚಾಚಿ ನೊಬಿಲಾ ಕೂತಿದ್ದ. ನಾಲ್ಕು ಮಡಿಕೆಯ ಅಗಲ ಷರಾಯಿ. ಬಲ ಮೊಣಕಾಲ ಮೇಲೆ ಚೌಕಟ್ಟಿನ ತುಕ್ಕಿನ ಗುರುತು ಪದಕದಂತೆ ಮೆರೆಯುತ್ತಿತ್ತು.

"ಕತ್ತೆತಲೆ, ಅದನ್ನ ಬಿಚ್ಚು" ಎಂದ ಬುರೈಮಾ ಮೆಲ್ಲಗೆ, ನಗುತ್ತಾ.

"ಇಲ್ಲೇನಾ? ಮಗುಗೆ ಹೆಸರಿಟ್ಟ ಮನೇಲಿ?"

"ಸಂಜೆಯೊಳಗೆ ಸೋಸಬೇಕು ಕಣೋ. ಇಲ್ದಿದ್ರೆ ಯಂತ್ರ ಹೋಗುತ್ತೆ. ಅದು ನನ್ನ ಬಟ್ಟೆ."

"ಆಳಿನ ಗೋಡೆ ಮೇಲಿದ್ದದ್ದು ಯಜಮಾನಂದಲ್ದೆ ಇನ್ಯಾರ್ದು?" ನೊಬಿಲಾ ಸಭೆಯ ಕಡೆ ತಿರುಗಿದ. ಸಭೆ ಹೌದು ಹೌದು ಎಂದಿತು. "ಆದ್ರೂ ನಾನು ಕರುಣೆ ಇರೋನು. ಕೊಡ್ತೀನಿ. ಎರಡು ಷರತ್ತು. ಒಂದು, ನನ್ನನ್ನ ನಿನ್ನ ಸೈಕಲ್ಲಿನ ಹಿಂದೆ ಕೂರಿಸ್ಕೊಂಡು ಮನೆ ಸೇರಿಸ್ಬೇಕು. ಎರಡು, ಕೆಲಸ ಆದ್ಮೇಲೆ ನಿನ್ನ ಕೈಯಾರೆ ಒಗೆದು, ಹೊತ್ತು ಮುಳುಗೋದ್ರೊಳಗೆ ಅದೇ ಗೋಡೆ ಮೇಲೆ ಹರವಬೇಕು. ಎಲ್ರ ಎದುರಿಗೂ ಮಾತು ಕೊಡು."

ಬುರೈಮಾ ಮಾತು ಕೊಟ್ಟ. ಕೊಡುವಾಗಲೇ ಮನಸ್ಸಿನಲ್ಲಿ ಆ ಷರಾಯಿಯನ್ನು ಹದಿನಾರು ಪಟ್ಟಿಯಾಗಿ ಹರಿದು, ಹದಿನಾರು ಮೇಕೆಗಳ ಕುತ್ತಿಗೆಗೆ ಕಟ್ಟಿ, ನೊಬಿಲಾನ ಅಂಗಡಿಯ ಮುಂದೆ ಮೆರವಣಿಗೆ ಮಾಡಿಸಿದ. ಎಣ್ಣೆ ಒಂದು ಆಗಲಿ, ಆಮೇಲೆ ಹೀಗೇ ಮಾಡುವುದೆಂದು ನಿಶ್ಚಯಿಸಿದ. ಇದೊಂದು ಯೋಚನೆಯೇ ಅವನನ್ನು ಬದುಕಿಸಿದ್ದು.

ದಾರಿಯಲ್ಲಿ ಷರಾಯಿಯ ಅಂಚು ಹತ್ತು ಮಾರಿಗೊಮ್ಮೆ ಸೈಕಲ್ಲಿನ ಚೈನಿನ ಕಡೆ ಬಾಗುತ್ತಿತ್ತು. ಹತ್ತು ಮಾರಿಗೊಮ್ಮೆ ಬುರೈಮಾ ಇಳಿದು, ಬಗ್ಗಿ, ಅಂಚನ್ನು ಮೇಲೆ ಮಡಚುತ್ತಿದ್ದ. ನೋಡಿದವರಿಗೆ ಅವನು ನೊಬಿಲಾನ ಕಾಲಿಗೆ ಬೀಳುತ್ತಿರುವ ಹಾಗೆ ಕಾಣುತ್ತಿತ್ತು.

"ಏಳಪ್ಪ, ಏಳು. ಆಶೀರ್ವಾದ ಮಾಡಿದ್ದೀನಿ" ಎನ್ನುತ್ತಿದ್ದ ನೊಬಿಲಾ ಪ್ರತಿಸಲವೂ.

ಅಂಗಳ ಸೇರಿದಾಗ ಸೂರ್ಯ ಮಾವಿನಮರದಿಂದ ಎರಡಾಳೆತ್ತರದಲ್ಲಿದ್ದ. ಡ್ರಮ್ಮಿನ ಸುತ್ತ ಹೆಂಗಸರು ಸುಮ್ಮನೆ ನಿಂತಿದ್ದರು. ಮೂವತ್ತೊಂದು ಹೆಂಗಸರು ಸುಮ್ಮನೆ ನಿಂತಿದ್ದಾರೆಂದರೆ ಏನೋ ಆಗಿದೆ. ಬುರೈಮಾ ಇಣುಕಿದ. ತಳದಿಂದ ಅರ್ಧದವರೆಗೂ ಕಂದು ಗಟ್ಟಿ ಗಂಜಿ. ಬೆರಳು ಹಾಕಿದ. ನೊರೆ ಬಂತು.

"ಅಮ್ಮಾ, ಮುಟ್ಟಿದ್ರಾ?"

"ಇಲ್ಲಪ್ಪ" ಎಂದಳು ಕೊರೊತಿಮಿ. "ಬಟ್ಟಲು ಮಾತ್ರ ಮುಟ್ತು. ಕಪ್ಪಗೇ ಇತ್ತಲ್ಲ, ಇನ್ನೆರಡು ಬಟ್ಟಲು ಹಾಕಿದ್ರೆ ಬೇಗ ಬೆಳ್ಳಗಾಗುತ್ತೆ ಅಂತ ಎಲ್ರೂ ಅಂದ್ರು. ಅವಸರದ ದಿನ ನೋಡು ಮಗಾ."

"ಅದು ಸೋಪಾಗಿದೆ ಅಮ್ಮಾ."

"ಒಳ್ಳೇದೇ ಆಯ್ತಲ್ಲ. ಸೋಪೂ ಬೇಕು."

"ಸೋಪು. ಬರ್ಕೊಂಡೆ" ಎಂದ ಎವಾರಿಸ್ತ್.

ಬುರೈಮಾ ಕೊರೊತಿಮಿಯನ್ನು ನೋಡಿದ. ಅವನ ಇಬ್ಬರು ಮಕ್ಕಳ ಹೆರಿಗೆ ಮಾಡಿಸಿದವಳು. ಅವಳ ಮೇಲೆ ಕೂಗಾಡಿದರೆ ನಾಲಿಗೆ ಸೀದು ಹೋಗುತ್ತದೆ. ಎವಾರಿಸ್ತನನ್ನು ನೋಡಿದ. ಅತಿಥಿ. ನೊಬಿಲಾನನ್ನು ನೋಡಿದ. ಮೊಸ್ಸಿ. ಗಾಣಕ್ಕಾದರೂ ಎಣ್ಣೆ ಇಳಿಯಲು ಒಂದು ತೂತಿದೆ, ಹಿಂಡಿ ಬೀಳಲು ಇನ್ನೊಂದಿದೆ. ದೇವರು ಅವನನ್ನು ಮಾಡುವಾಗ ಎರಡನ್ನೂ ಮರೆತಿದ್ದ. ಅವನು ಷೆಡ್ಡಿನ ಹಿಂದೆ ಹೋಗಿ, ಹಿಂಡಿಯ ಚೀಲವೊಂದರ ಬಾಯಿ ಬಿಚ್ಚಿ, ಅದರೊಳಗೆ ಮುಖ ತೂರಿಸಿ ಒಂದು ಸಲ ಕಿರುಚಿದ. ಹೊರಗೆ ಬಂದಾಗ ಮುಖದ ತುಂಬ ಹಿಂಡಿ ಮೆತ್ತಿತ್ತು. ಕೊರೊತಿಮಿಯ ಮೇಕೆ ಬಂದು ಗಲ್ಲ ನೆಕ್ಕಿತು. ಆ ದಿನ ಅವನ ಕಷ್ಟ ಅರ್ಥಮಾಡಿಕೊಂಡದ್ದು ಅದೊಂದೇ.

ಕೋಲು ಇಳಿಸಿ ಅಳೆದ. ಸೋಪಿನ ಮೇಲೆ ನಿಂತಿದ್ದ ಎಣ್ಣೆ ಇಪ್ಪತ್ತೆರಡು ಲೀಟರು. ಬೇಕಾದದ್ದು ಇಪ್ಪತ್ತು. ಎರಡು ಲೀಟರಿನ ಅಂಚಿನ ಮೇಲೆ ಅವನ ಮುಂದಿನ ಬದುಕು ಕೂತಿತ್ತು. ಉಸಿರು ಹಿಡಿದು ಅದನ್ನು ಬೇರೆ ಪಾತ್ರೆಗೆ ಬಗ್ಗಿಸಿದ, ಬಿಸಿನೀರಲ್ಲಿ ತೊಳೆದ, ಮತ್ತೆ ಕಾಯಿಸಿ ನೀರಿಂಗಿಸಿದ. ಹೊಗೆ ಹಿಡಿದ ಗಾಜಿನ ಹಾಗೆ ಮಬ್ಬಾಗಿತ್ತು. ಸೂರ್ಯ ಮರಕ್ಕೆ ಒಂದಾಳು ದೂರಕ್ಕೆ ಬಂದಿದ್ದ.

"ಹೊಲಿಗೆ ಬಿಚ್ಚು" ಎಂದ ನೊಬಿಲಾನಿಗೆ. "ಬಟ್ಟೆಯನ್ನ ಚೌಕಟ್ಟಿಗೆ ಹಾಕ್ಬೇಕು."

ನೊಬಿಲಾ ಆಗಲೇ ಕೊರೊತಿಮಿಯ ಹೂವಿನ ಲುಂಗಿಯೊಂದನ್ನು ಸುತ್ತಿಕೊಂಡು ಷರಾಯಿ ಕಳಚಿದ್ದ. ಮೊದಲ ಸಲ ಅವನ ಮುಖ ಸ್ವಲ್ಪ ಸಣ್ಣಗಾಯಿತು. "ಎರಡೆರಡು ಸಾಲು ಹಾಕಿದ್ದೀನಿ ಕಣೋ. ನನ್ನ ಹೊಲಿಗೆ ಬಿಚ್ಚೋಕೆ ನನಗೇ ಎರಡು ಗಂಟೆ ಬೇಕು."

"ನಿನ್ನ ಜೀವಮಾನದಲ್ಲಿ ಒಂದು ಸಲ ನೆಟ್ಟಗೆ ಹೊಲಿದಿದ್ದೀಯಲ್ಲ, ಅದೂ ಇವತ್ತೇ."

ಷರಾಯಿಯನ್ನು ಕಿತ್ತುಕೊಂಡ ಬುರೈಮಾ ಅದನ್ನು ನೆಲಕ್ಕೆ ಅಪ್ಪಳಿಸಲು ಮೇಲೆತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಗಾಳಿಗೆ ಎರಡೂ ಕಾಲುಗಳು ಉಬ್ಬಿ ಎರಡು ಚೀಲಗಳಾಗಿದ್ದವು.

ಸಿಟ್ಟಿನಲ್ಲೇ ಕಾಲುಗಳ ತುದಿಗೆ ಹಗ್ಗ ಬಿಗಿದ. ಸಿಟ್ಟಿನಲ್ಲೇ ಸೊಂಟದ ಬಾಯನ್ನು ಷೆಡ್ಡಿನ ತೊಲೆಗೆ ನಾಲ್ಕು ಕೊಕ್ಕೆಯಲ್ಲಿ ನೇತುಹಾಕಿ, ಕೆಳಗೆ ಬೋಗುಣಿ ಇಟ್ಟು, ಬಿಸಿ ಎಣ್ಣೆ ಸುರಿದ. ಮೊದಲು ಇಳಿದದ್ದು ಮಬ್ಬೇ. ಅದನ್ನು ತಿರುಗಿ ಮೇಲೆ ಸುರಿದ. ಮಡ್ಡಿ ಬಟ್ಟೆಯ ಒಳಮೈಗೆ ಹತ್ತಿಕೊಂಡಂತೆ ಹನಿಗಳು ತಿಳಿಯಾದವು. ಎಡಗಾಲಿನಿಂದ ಒಂದು ಧಾರೆ, ಬಲಗಾಲಿನಿಂದ ಒಂದು ಧಾರೆ, ಜೇನು ಕರಗಿಸಿದ ಬಣ್ಣ.

"ಷರಾಯಿ ಉಚ್ಚೆ ಹೊಯ್ತಾ ಇದೆ ನೋಡ್ರೇ" ಎಂದಳು ಹೆಂಗಸರಲ್ಲಿ ಒಬ್ಬಳು. ಅಷ್ಟು ಹೊತ್ತು ಕಟ್ಟಿದ್ದ ಮೂವತ್ತೊಂದು ಬಾಯಿಗಳೂ ಒಟ್ಟಿಗೆ ಬಿಚ್ಚಿಕೊಂಡವು.

ಸೂರ್ಯ ಮಾವಿನಮರದ ತುದಿ ಮುಟ್ಟಿದಾಗ ಹಳದಿ ಕ್ಯಾನು ಕುತ್ತಿಗೆಯವರೆಗೆ ತುಂಬಿತು. ಕೊರೊತಿಮಿ ಗ್ಲಾಸು ಎತ್ತಿ ಹಿಡಿದು ಬೆಳಕಿಗೆ ನೋಡಿದಳು. ಎಣ್ಣೆಯಾಚೆ ಅವಳ ತಾಮ್ರದ ಬಳೆ, ಬಳೆಯ ಮೇಲಿನ ಸಣ್ಣ ಗೀರುಗಳ ಸಮೇತ ಕಂಡಿತು.

"ತೇರ್ಗಡೆ. ಬರ್ಕೊಂಡೆ" ಎಂದ ಎವಾರಿಸ್ತ್. "ಹೊಸ ಸೋಸುಬಟ್ಟೆ ಬರೋಕೆ ಎರಡು ತಿಂಗಳಾಗುತ್ತೆ. ಅಲ್ಲಿವರೆಗೂ ಈ ಷರಾಯಿಯಲ್ಲೇ ನಡೆಸಿ, ಚೌಕಟ್ಟಿಗಿಂತ ಚೆನ್ನಾಗಿದೆ. ಯಂತ್ರ ನಡೆಸೋರ ಹೆಸರು, ಮನೆತನ ಹೇಳಿ."

"ಬುರೈಮಾ ಟೋಯೆ. ತೋಮಾ ಸೀಮೆಯ ಕೆಂಪುಬಾವಿ ಮನೆತನ. ನಮ್ಮಲ್ಲಿ ಅಣ್ಣನ ಎದುರು ತಮ್ಮ..."

"ಅಷ್ಟು ಸಾಕು. ಸೋಸೋ ಸಾಧನ ಕೊಟ್ಟೋರು?"

"ನೊಬಿಲಾ ಸವಡೋಗೊ" ಎಂದ ನೊಬಿಲಾ ಲುಂಗಿ ಸರಿಮಾಡಿಕೊಳ್ಳುತ್ತಾ. "ಈ ನಾಯಿ ತಿನ್ನೋನ ಯಜಮಾನ ಅಂತಾನೂ ಬರ್ಕೊಳ್ಳಿ."

ಕೇರಿಯ ಹಿರಿಯಳಿಗೆ ಮೊದಲ ಸೌಟು ಕೊಡುವುದು ವಾಡಿಕೆ. ಅದಕ್ಕೆಂದು ಬಟ್ಟಲು ಹಿಡಿದು ಬಂದಿದ್ದ ತೆನೆ ಅಜ್ಜಿ ಕಾಗದದ ಮೇಲೆ ಅಂಗೈ ಇಟ್ಟಳು.

"ಬಾಯಲ್ಲಿ ಏನಾದ್ರೂ ಆಡ್ಕೊಳ್ಳಿ. ಕಾಗದದ ಮೇಲೆ ಸುಳ್ಳು ಬೇಡ. ಇವನು ಸವಡೋಗೊ ಅಲ್ಲ."

"ಅವ್ವಾ, ಏನಂತಿದ್ದೀಯ?"

"ನಿಮ್ಮಪ್ಪ ಹುಟ್ಟಿದ್ದು ಟೋಯೆ ಅಂತ ಕಣೋ, ಸಾಮೊ ಜನ. ತೋಮಾದ ಕೆಂಪುಬಾವಿ ಮನೆ. ಎಳೆ ವಯಸ್ಸಲ್ಲಿ ಮೊಸ್ಸಿ ನಾಯಕನ ಕುದುರೆಲಾಯದಲ್ಲಿ ಕೆಲಸಕ್ಕೆ ಸೇರ್ದ. ಗುರುತಿನ ಚೀಟಿಯೋರು ಬಂದಾಗ ಲಾಯದಲ್ಲಿದ್ದೋರನ್ನೆಲ್ಲ ನಾಯಕನ ಹೆಸರಿಗೇ ಬರೆದ್ಬಿಟ್ರು, ಕುದುರೆ ಒಂದನ್ನ ಬಿಟ್ಟು."



"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದ ನೊಬಿಲಾ. ಅವನ ಮುಖ ಹಿಂಡಿಯ ಬಣ್ಣಕ್ಕೆ ತಿರುಗಿತ್ತು.

"ಒಬ್ಬ ನಾಯಿ ತಿನ್ನೋನು ಇನ್ನೊಬ್ಬ ನಾಯಿ ತಿನ್ನೋನನ್ನ ಗೋಡೆ ಮೇಲಿಂದ ನಾಯಿ ತಿನ್ನೋನೇ ಅಂತ ಕೂಗೋದು ಯಾವ ಮುದುಕಿಗೆ ಸಿಗುತ್ತೆ? ಒಂಬತ್ತು ವರ್ಷ ಪುಕ್ಕಟೆ ನಗು. ನಾನ್ಯಾಕೆ ಕೆಡಿಸ್ಕೊಳ್ಳಲಿ?"

ಬುರೈಮಾನಿಗೆ ವಿಷಯ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ಬಟ್ಟೆಯಲ್ಲಿ ಎಣ್ಣೆ ಇಳಿಯುವಷ್ಟೇ ಹೊತ್ತು. ಇಳಿದಾಗ ಅವನ ಮುಖ ತಿಳಿಯಾಗಿ ಹೊಳೆಯಿತು. ನೊಬಿಲಾ ಮೊಸ್ಸಿ ಅಲ್ಲ. ಮೊಸ್ಸಿ ಅಲ್ಲವೆಂದರೆ ಕೀಟಲೆನೆಂಟ ಅಲ್ಲ. ನೆಂಟಸ್ತನವಿಲ್ಲವೆಂದರೆ ಹುಳಿ ಅಂಬಲಿ ಇಲ್ಲ, ಕಟ್ಟು ಇಲ್ಲ, ನಗಬೇಕಾಗಿಲ್ಲ. ಕದ್ದ ಬಟ್ಟೆ, ಅರವತ್ತು ಬುರುಡೆ ಪಾನಕ, ಸೈಕಲ್ಲಿನ ಆಶೀರ್ವಾದ, ಒಂಬತ್ತು ವರ್ಷದ ಗೋಡೆ, ಎಲ್ಲಕ್ಕೂ ಈಗ ದಾರಿ ತೆರೆದಿತ್ತು. ಅವನು ತೋಳು ಮಡಚಿದ. ಎದೆ ತುಂಬ ಗಾಳಿ ಎಳೆದುಕೊಂಡ. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಎವಾರಿಸ್ತ್ ಕುರ್ಚಿಯ ಸಮೇತ ಸರಿದ.

"ನೊಬಿಲಾ" ಎಂದು ಶುರುಮಾಡಿದ ಬುರೈಮಾ.

"ತಡಿಯಪ್ಪ" ಎಂದಳು ತೆನೆ ಅಜ್ಜಿ. "ನಿಮ್ಮಪ್ಪ ಇಸ್ಸೂಫು ಅಲ್ವಾ? ಕೆಂಪುಬಾವಿ ಮನೆಯ ಕಿರಿಮಗ. ಇವನಪ್ಪ ಅದೇ ಮನೆಯ ಹಿರಿಮಗ. ಇವನು ನಿನಗಿಂತ ಒಂದು ಮಳೆಗಾಲ ಮೊದಲೇ ಹುಟ್ಟಿದೋನು. ಹಂಗೆ ನೋಡಿದ್ರೆ ನಿನಗೆ ಖಾಸಾ ಅಣ್ಣ."

ಎದೆಯಲ್ಲಿ ತುಂಬಿದ್ದ ಗಾಳಿ ಹೊರಗೂ ಬರದೆ ಒಳಗೂ ಹೋಗದೆ ಬುರೈಮಾನ ಗಂಟಲಲ್ಲಿ ನಿಂತಿತು. ಅವನು ಸುತ್ತ ನೋಡಿದ. ಕೆಂಪುಬಾವಿ ಮನೆತನದಲ್ಲಿ ತಮ್ಮ ಅಣ್ಣನೊಡನೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಕನಿಷ್ಠ ನೂರು ಸಲ ಕೇಳಿರದ ಒಂದು ಮುಖವೂ ಆ ಅಂಗಳದಲ್ಲಿರಲಿಲ್ಲ. ಮೇಕೆಯೂ ಕೇಳಿತ್ತು.

ನೊಬಿಲಾನ ಮುಖಕ್ಕೆ ಬಣ್ಣ ಮರಳಿತು. ಅವನು ಹೂವಿನ ಲುಂಗಿಯ ನೆರಿಗೆಯನ್ನು ನಿಧಾನವಾಗಿ ಒಪ್ಪಮಾಡಿದ. ಗಂಟಲು ಸರಿಮಾಡಿಕೊಂಡ. ಹಿರಿಯರು ಕೆಮ್ಮುವ ಹಾಗೆ ಕೆಮ್ಮಿದ. ಕೀಟಲೆಯೆಲ್ಲ ಅವನ ಕಣ್ಣಿನಿಂದ ಇಳಿದು ಹೋಗಿ ಅಲ್ಲಿ ಭಯಂಕರವಾದ ಗಾಂಭೀರ್ಯ ಕೂತಿತ್ತು.

"ತಮ್ಮಾ" ಎಂದ.

"ಕತ್ತೆ..." ಎಂದ ಬುರೈಮಾ, ಒಂಬತ್ತು ವರ್ಷದ ಅಭ್ಯಾಸದಿಂದ.

"ಏನಂದೆ?"

ಅಷ್ಟರಲ್ಲಿ ಬುರೈಮಾನಿಗೆ ಹೊಳೆಯಿತು. ಇನ್ನು ಮೇಲೆ ಅದನ್ನೂ ಅನ್ನುವಂತಿಲ್ಲ.

"ಕತ್ತಲಾಗ್ತಿದೆ ಅಂದೆ, ಅಣ್ಣಾ."

"ಹೌದು. ಅದಕ್ಕೇ ನೆನಪಿಸ್ತಿದ್ದೀನಿ. ಮಾತು ಕೊಟ್ಟಿದ್ದೀಯ, ಷರಾಯಿ."

ಮೂವತ್ತೊಂದು ಹೆಂಗಸರು ಅವನಿಗೆ ದಾರಿ ಬಿಟ್ಟರು. ಬುರೈಮಾ ಕೊಕ್ಕೆಗಳಿಂದ ಷರಾಯಿ ಇಳಿಸಿದ. ಎಲ್ಲರೂ ನೋಡುತ್ತಿದ್ದರಿಂದ ಅದನ್ನು ಕಣ್ಣಿಗೊತ್ತಿಕೊಂಡ. ರೆಪ್ಪೆಗೆ ಎಣ್ಣೆ ಹತ್ತಿತು. ಡ್ರಮ್ಮಿನ ತಳದಿಂದ ಎರಡು ಹಿಡಿ ಸೋಪು ಬಗೆದುಕೊಂಡು ಉಜ್ಜಿದ. ಅದೇನೋ ಒಳ್ಳೆಯ ಸೋಪೇ ಆಗಿತ್ತು. ಕೊರೊತಿಮಿ ಎಲ್ಲರಿಗೂ ಅದನ್ನು ತೋರಿಸಿ ಹೇಳುತ್ತಿದ್ದಳು. ಮೂರು ನೀರಿನಲ್ಲಿ ಜಾಲಾಡಿಸಿದ. ಆಮೇಲೆ ಎರಡು ಕೈಯಲ್ಲೂ ಹಿಡಿದು, ಮುಖದ ನರಗಳೆಲ್ಲ ಉಬ್ಬುವಂತೆ, ಗಾಣದ ತಿರುಪು ನಾಚುವಂತೆ ಹಿಂಡಿದ. ಬೆಳಿಗ್ಗೆಯಿಂದ ಅವನೊಳಗಿದ್ದದ್ದರಲ್ಲಿ ಹೊರಗೆ ಬರಲು ದಾರಿ ಸಿಕ್ಕಿದ್ದು ಅಷ್ಟಕ್ಕೆ ಮಾತ್ರ.

"ಮೆಲ್ಲಗೆ ತಮ್ಮಾ, ಹೊಲಿಗೆ ಬಿಟ್ಟೀತು" ಎಂದ ನೊಬಿಲಾ, ಎವಾರಿಸ್ತನ ಕುರ್ಚಿಯಲ್ಲಿ ಕೂತು. "ನಾಳೆಯಿಂದ ಎಣ್ಣೆ ಸೋಸೋಕೆ ಬೇಕಾದಾಗ ಬಂದು ಕೇಳು. ಇಲ್ಲ ಅನ್ನಲ್ಲ. ಕೂತ್ಕೊಂಡು ಕೇಳ್ಬೇಡ, ಅಷ್ಟೇ."

"ಆಯ್ತಣ್ಣಾ" ಎಂದ ಬುರೈಮಾ.

ಮಾವಿನಮರದ ಹಿಂದೆ ಸೂರ್ಯನ ಕೊನೆಯ ಚೂರು ಇನ್ನೂ ಉಳಿದಿರುವಾಗಲೇ ಅವನು ಷರಾಯಿಯನ್ನು ಕೊಡವಿ, ಎರಡು ಅಂಗಳಗಳ ನಡುವಿನ ಮಣ್ಣುಗೋಡೆಯ ಮೇಲೆ, ಸುಕ್ಕಿಲ್ಲದಂತೆ ಹರವಿದ.